ತುಕ್ಕು, ತೇಪೆ ಮತ್ತು ಪ್ರತಿರೂಪಕ ವ್ಯವಹಾರ

ಬೆಂಗಳೂರಿನ ಹವೆಯು ಕಬ್ಬಿಣದ ಪಾಲಿಗೆ ಸೌಮ್ಯವಾದುದು. ಮಂಗಳೂರು, ಮುಂಬಯಿ, ಚೆನ್ನೈಗಳ ಉಪ್ಪುಗಾಳಿ ಇಲ್ಲಿಗೆ ತಲುಪುವುದಿಲ್ಲ. ಆದಕಾರಣ ಹಳೆಯ ವಾಹನವನ್ನು ಕೊಳ್ಳುವವರು ಕರಾವಳಿಯಲ್ಲಿ ಓಡಿದ ಗಾಡಿಗಿಂತ ನಮ್ಮ ಊರಿನಲ್ಲಿ ಓಡಿದ ಗಾಡಿಯನ್ನು ಹೆಚ್ಚು ವಿಶ್ವಾಸದಿಂದ ನೋಡುವುದುಂಟು. ಆದರೂ ಜಯನಗರ, ಬನಶಂಕರಿಗಳ ಬೀದಿಮರಗಳ ಕೆಳಗೆ ವರ್ಷಗಟ್ಟಲೆ ನಿಂತ ಕಾರಿನ ಬಾಗಿಲಿನ ಕೆಳಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಈ ವಿಶ್ವಾಸಕ್ಕೂ ಒಂದು ಮಿತಿಯಿದೆ ಎಂಬುದು ತಿಳಿಯುತ್ತದೆ. ಬಾಗಿಲಿನ ಗಾಜಿನ ಬದಿಯಿಂದ ಒಳಗಿಳಿದ ಮಳೆನೀರು ಹೊರಹೋಗಲೆಂದು ತಯಾರಕರು ತಳದಲ್ಲಿ ಸಣ್ಣ ಕಿಂಡಿಗಳನ್ನು ಇಟ್ಟಿರುತ್ತಾರೆ. ಉದುರಿದ ಎಲೆಯ ಪುಡಿ, ಹೂವಿನ ಎಸಳು, ರಸ್ತೆಯ ಧೂಳು ಸೇರಿ ಆ ಕಿಂಡಿ ಮುಚ್ಚಿಹೋಗುತ್ತದೆ. ನೀರು ಒಳಗೇ ನಿಲ್ಲುತ್ತದೆ. ಒಂದು ಮಿಲಿಮೀಟರಿಗಿಂತಲೂ ತೆಳುವಾದ ತಗಡು ಒಳಗಿನಿಂದ ಸವೆಯತೊಡಗುತ್ತದೆ.

ಅಲ್ಯೂಮಿನಿಯಂ ಲೋಹಕ್ಕೆ ಗಾಳಿ ತಗುಲಿದಾಗ ಉಂಟಾಗುವ ತೆಳುಪೊರೆಯು ಅಂಟಿಕೊಂಡು ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ರಂಧ್ರಮಯವಾಗಿದ್ದು, ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ, ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸಿ, ನೀರಿಗೂ ಗಾಳಿಗೂ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ನಮ್ಮ ಕಣ್ಣಿಗೆ ರಂಧ್ರವೊಂದು ಕಾಣಿಸಿಕೊಳ್ಳುವ ಹೊತ್ತಿಗೆ ಅದರ ಸುತ್ತಲಿನ ನಾಲ್ಕು ಬೆರಳಗಲ ತಗಡು ಒಳಗಿನಿಂದ ಹಪ್ಪಳದಂತೆ ಆಗಿರುತ್ತದೆ. (ಕೊಡಚಾದ್ರಿಯ ಮೇಲೆ ಮಲೆನಾಡಿನ ಮಳೆಯನ್ನು ಸಹಿಸಿ ನಿಂತಿರುವ ಕಬ್ಬಿಣದ ಕಂಬವನ್ನು ಕಂಡವರು ನಮ್ಮ ಕಾಲದ ಕಬ್ಬಿಣವನ್ನು ಜರೆಯುವುದುಂಟು. ಕಂಬದ ದಪ್ಪಕ್ಕೂ ಕಾರಿನ ತಗಡಿನ ದಪ್ಪಕ್ಕೂ ಹೋಲಿಕೆಯೇ ಸಲ್ಲದು.)

ಬಣ್ಣ ಮತ್ತು ಹಾರ್ಡ್‌ವೇರ್ ವ್ಯಾಪಾರದಲ್ಲಿ ಸುಮಾರು ನಾಲ್ಕು ದಶಕಗಳನ್ನು ಕಳೆದ ನನಗೆ ಈ ರಂಧ್ರಗಳ ಪರಿಚಯ ಗಲ್ಲೆಯ ಮುಂದೆ ನಿಂತೇ ಆದುದು. ಗಿರಾಕಿಯು ಕೇಳುವ ಸಾಮಾನಿನ ಪಟ್ಟಿಯಿಂದಲೇ ರಂಧ್ರವು ಎಷ್ಟು ದೊಡ್ಡದು, ಎಲ್ಲಿದೆ, ಅವನ ಕೈಯಲ್ಲಿ ಎಷ್ಟು ಹಣವಿದೆ ಎಂದು ಹೇಳಿಬಿಡಬಹುದು. ತಂತಿ ಬ್ರಷ್, ರೆಡ್ ಆಕ್ಸೈಡ್, ಎಮರಿ ಕಾಗದ, ಒಂದು ಪೊಟ್ಟಣ ಎಂ-ಸೀಲ್ ಕೇಳಿದವನ ಬಾಗಿಲಿನಲ್ಲಿ ಕಡಲೆಕಾಳಿನಷ್ಟು ತೂತು ಇದೆ. ಫೈಬರ್ ಗ್ಲಾಸಿನ ಚಾಪೆ, ರೆಸಿನ್, ಗಟ್ಟಿಯಾಗಿಸುವ ದ್ರಾವಣ ಕೇಳಿದವನದು ಅಂಗೈಯಗಲದ್ದು. ಪಾಪ್ ರಿವೆಟ್ಟು, ತೆಳುತಗಡು, ಟಾರಿನ ಡಬ್ಬ ಕೇಳಿದರೆ ಕಾಲಿಡುವ ನೆಲವೇ ಹೋಗಿದೆ ಎಂದು ತಿಳಿಯಬೇಕು. ಪುಟ್ಟಿಯ ಡಬ್ಬವನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಈ ಕ್ರಮಗಳಿಗೆ ಅವುಗಳದ್ದೇ ಆದ ಶಿಸ್ತು ಉಂಟು. ಸಡಿಲವಾದ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಬೇಕು; ಉಳಿದುದನ್ನು ಫಾಸ್ಫಾರಿಕ್ ಆಮ್ಲವಿರುವ ದ್ರಾವಣದಿಂದ ಮಣಿಸಬೇಕು; ಪ್ರೈಮರ್ ಹಚ್ಚಬೇಕು; ಆಧಾರಕ್ಕೆ ಹಿಂಬದಿಯಲ್ಲಿ ಚಾಪೆಯನ್ನೋ ಜಾಲರಿಯನ್ನೋ ಇರಿಸಿ, ಮೇಲೆ ಪುಟ್ಟಿಯನ್ನು ತೆಳುವಾಗಿ ಎಳೆಯಬೇಕು. ಪುಟ್ಟಿಯೊಡನೆ ಬೆರೆಸುವ ಗಟ್ಟಿಕಾರಕವು ತೂಕದಲ್ಲಿ ನೂರಕ್ಕೆ ಎರಡರಷ್ಟಿದ್ದರೆ ಸಾಕು. ಬೇಗನೆ ಒಣಗಲೆಂದು ಹೆಚ್ಚು ಬೆರೆಸಿದರೆ ಬಿರುಕು ಬಿಡುತ್ತದೆ. ಇಷ್ಟೆಲ್ಲ ಮಾಡಿದರೂ ಅದು ತಾತ್ಕಾಲಿಕವೇ. ಪುಟ್ಟಿಯು ತೇವವನ್ನು ಹೀರುತ್ತದೆ, ಹಿಂಬದಿಯ ತುಕ್ಕು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಒಂದೆರಡು ಮಳೆಗಾಲಗಳಲ್ಲಿ ಅದೇ ಜಾಗದಲ್ಲಿ ಗುಳ್ಳೆಗಳು ಮರಳಿ ಏಳುತ್ತವೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯುವುದೊಂದೇ ನಿಜವಾದ ದುರಸ್ತಿ.

ಹಾಗೆಂದು ತೇಪೆ ಹಾಕುವವನನ್ನು ನಿಂದಿಸಲು ನನಗೆ ಮನಸ್ಸು ಬರುವುದಿಲ್ಲ. ಬಿ.ಟಿ.ಎಂ. ಬಡಾವಣೆಯ ಕಡೆ ಶಾಲಾ ಮಕ್ಕಳನ್ನು ಕರೆದೊಯ್ಯುವ ಚಾಲಕರನ್ನು ನಾನು ಬಲ್ಲೆ. ಸಾಲದ ಕಂತು ಐದನೆಯ ತಾರೀಖಿಗೆ ಬರುತ್ತದೆ, ಮಕ್ಕಳ ತಂದೆತಾಯಿಗಳಿಂದ ಹಣ ಹತ್ತರ ಮೇಲೆ ಬರುತ್ತದೆ. ಬೆಸುಗೆಯ ಕೆಲಸಕ್ಕೆ ಗಾಡಿಯನ್ನು ನಾಲ್ಕು ದಿನ ನಿಲ್ಲಿಸಿದರೆ ಆ ತಿಂಗಳ ಸಂಪಾದನೆಯೇ ಏರುಪೇರಾಗುತ್ತದೆ. ಹಳೆಯ ಗಾಡಿಗಳಿಗೆ ಹೊಸ ಭಾಗ ದೊರೆಯುವುದೂ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಅಂಬಾಸಿಡರ್ ಮತ್ತು ಮಾರುತಿ 800ರ ತಯಾರಿಕೆ 2014ರಲ್ಲಿಯೂ ಓಮ್ನಿಯದು 2019ರಲ್ಲಿಯೂ ನಿಂತಿತು. ಜೆ.ಸಿ. ರಸ್ತೆಯಲ್ಲಿ ಅಲೆದು, ಗುಜರಿಯಲ್ಲಿ ಹುಡುಕಿ ತಂದ ಬಾಗಿಲೂ ಅರ್ಧ ತುಕ್ಕು ಹಿಡಿದುದೇ ಆಗಿರುತ್ತದೆ. ಇಂಥವನು ಐನೂರು ರೂಪಾಯಿಯ ತೇಪೆಯಿಂದ ಮುಂದಿನ ಬೇಸಿಗೆಯವರೆಗೆ ಕಾಲ ತಳ್ಳಿದರೆ ಅದು ಬಡತನದ ಜಾಣ್ಮೆಯೇ ಹೊರತು ದೋಷವಲ್ಲ.

ಆದರೆ ಎಲ್ಲ ರಂಧ್ರಗಳೂ ಸಮಾನವಲ್ಲ. ಜೀಪು, ಲಾರಿಗಳಲ್ಲಿ ಭಾರವನ್ನು ಹೊರಲು ಕೆಳಗೆ ಪ್ರತ್ಯೇಕವಾದ ಚಾಸಿಸ್ ಉಂಟು. ನಮ್ಮ ಮನೆಗಳ ಸಾಮಾನ್ಯ ಕಾರು, ವ್ಯಾನುಗಳಲ್ಲಿ ಅದಿಲ್ಲ. ನೆಲದ ತಗಡು, ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ತೊಲೆ, ಚಕ್ರದ ಗೂಡು, ಕಂಬಗಳು ಇವೆಲ್ಲ ಸೇರಿ ಒಂದೇ ಡಬ್ಬವಾಗಿ ಭಾರವನ್ನು ಹೊರುತ್ತವೆ. ಮಡ್‌ಗಾರ್ಡಿನ ತೂತಿಗೆ ಎಂ-ಸೀಲ್ ಮೆತ್ತಿದರೆ ನಷ್ಟವಿಲ್ಲ. ಬಾಗಿಲಿನ ಕೆಳಗಿನ ತೊಲೆ, ಸೀಟ್ ಬೆಲ್ಟು ಕಚ್ಚಿಕೊಂಡಿರುವ ಜಾಗ, ಸ್ಪ್ರಿಂಗುಗಳ ಗೂಡು ಇವುಗಳಿಗೆ ಮೆತ್ತಿದರೆ ಅಪಘಾತದ ಹೊತ್ತಿಗೆ ಅಲ್ಲಿ ಇರಬೇಕಾದ ಉಕ್ಕು ಇರುವುದಿಲ್ಲ. ಹಿಂಬದಿಯ ನೆಲದಲ್ಲಿ ತೂತಿದ್ದರೆ ಹೊಗೆಕೊಳವೆಯ ವಿಷಾನಿಲವೂ ಒಳಗೆ ಸೇರಬಹುದು. ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ. ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ನಡೆಯುವ ವಾರ್ಷಿಕ ತಪಾಸಣೆಯಲ್ಲಿ, ಇಂಥ ಭಾರ ಹೊರುವ ಜಾಗಗಳಿಂದ 30 ಸೆಂಟಿಮೀಟರಿನೊಳಗೆ ತುಕ್ಕಿಗೆ ಮಾಡಿದ ದುರಸ್ತಿ ಪುಟ್ಟಿಯದೋ ಫೈಬರಿನದೋ ಆಗಿದ್ದರೆ ಗಾಡಿಯನ್ನು ತಿರಸ್ಕರಿಸುತ್ತಾರೆ, ಬೆಸುಗೆಯೇ ಆಗಬೇಕು. ನಮ್ಮಲ್ಲಿ ಬಾಡಿಗೆಯ ವಾಹನಗಳಿಗೆ ಕಾಲಕಾಲಕ್ಕೆ ಕ್ಷಮತಾ ಪ್ರಮಾಣಪತ್ರ ಬೇಕು. ಖಾಸಗಿ ವಾಹನಕ್ಕಾದರೋ 1988ರ ಮೋಟಾರು ವಾಹನ ಕಾಯಿದೆಯಂತೆ ನೋಂದಣಿಯು 15 ವರ್ಷ ಊರ್ಜಿತ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಮೊದಲ 15 ವರ್ಷಗಳಲ್ಲಿ ಗಾಡಿಯ ತಳವನ್ನು ನೋಡುವ ಹೊಣೆ ಮಾಲೀಕನ ಆತ್ಮಸಾಕ್ಷಿಗೇ ಬಿಟ್ಟುದು. ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಸೂತ್ರಕಾರರು ಪ್ರಮಾದವನ್ನೇ ಮೊದಲಿಗೆ ಇಟ್ಟಿರುವುದು ಇಲ್ಲಿ ಸ್ಮರಣೀಯ.

ಇಷ್ಟು ಪೀಠಿಕೆಯ ಬಳಿಕ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ವೃದ್ಧ ಟಿಂಕರೊಬ್ಬನು ಒಮ್ಮೆ ನನ್ನ ಅಂಗಡಿಯಲ್ಲಿ ಪುಟ್ಟಿ ಕೊಳ್ಳುತ್ತ ಹೇಳಿದ ಮಾತನ್ನು ಇಲ್ಲಿ ಉದಾಹರಿಸಬೇಕು. "ಯಜಮಾನ್ರೇ, ತೇಪೆ ಹಾಕಿರೋದು ಗಾಡಿಯವನಿಗೂ ಗೊತ್ತು, ನನಗೂ ಗೊತ್ತು, ಅದಕ್ಕೊಂದು ರೇಟು. ಮೂರನೆಯವನಿಗೆ ಗೊತ್ತಾಗಬಾರ್ದು ಅಂದ್ರೆ ಅದಕ್ಕೆ ಬೇರೆ ರೇಟು." ಅವನು ಗರತಿ ಸಾಚಾತನದ ಮಾತನ್ನೇನೂ ಆಡಲಿಲ್ಲ, ಎರಡೂ ಕೆಲಸಗಳನ್ನು ಮಾಡುತ್ತಿದ್ದನು. ಆದರೂ ಪದಾರ್ಥ ಒಂದೇ ಆಗಿರುವಾಗ ಕೆಲಸ ಎರಡು ಬಗೆಯದೆಂಬುದನ್ನು ಅವನು ನಮ್ಮ ಅನೇಕ ಉಪನ್ಯಾಸಕರಿಗಿಂತ ಸ್ಪಷ್ಟವಾಗಿ ಕಂಡಿದ್ದನು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಕಳವಿಗೆ ಪ್ರೇರೇಪಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು. ಐದನೆಯದು ಪ್ರತಿರೂಪಕ ವ್ಯವಹಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸನ್ಮಿಶ್ರ ಎಂದು ಕರೆದಿದ್ದಾರೆ. ಒಂದರಂತೆಯೇ ಕಾಣುವ ಇನ್ನೊಂದನ್ನು ಬೆರೆಸಿ ಮಾರುವುದು ಎಂದು ತಾತ್ಪರ್ಯ. ತುಪ್ಪಕ್ಕೆ ಎಣ್ಣೆ, ಚಿನ್ನಕ್ಕೆ ಕೀಳುಲೋಹ ಎಂಬ ಹಳೆಯ ದೃಷ್ಟಾಂತಗಳ ಸಾಲಿಗೆ ತಗಡಿನ ಜಾಗದಲ್ಲಿ ಪುಟ್ಟಿ ಎಂಬುದನ್ನು ಸೇರಿಸಲು ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುವಾಗ ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯವಹಾರವೆಂದು ಹೇಳುತ್ತಾರೆ. ವಂಚನೆಯು ಲಕ್ಷಣದೊಳಗೇ ಸೇರಿದೆ. ಕೃತ್ರಿಮ ವಸ್ತುವಿಗೆ ತಾನಾಗಿ ಪಾಪವಿಲ್ಲ. ಪುಟ್ಟಿ ಮಾರುವ ನನ್ನಂಥವನಿಗೆ ಇದು ಸಮಾಧಾನದ ಮಾತು ಎಂದು ಯಾರಾದರೂ ಹಾಸ್ಯ ಮಾಡಿದರೆ ನನಗೆ ಬೇಸರವಿಲ್ಲ. ಎರಡನೆಯ ಸಂಗತಿ ಇದಕ್ಕಿಂತ ಗಹನವಾದುದು. ಆಚಾರ್ಯರು ಈ ಅತಿಚಾರವನ್ನು ಸತ್ಯವ್ರತದ ಕೆಳಗೆ ಇಡದೆ ಅಚೌರ್ಯದ ಕೆಳಗೆ ಇಟ್ಟರೇಕೆ? ವರ್ತಕನ ಮಾಮೂಲಿನ ಸಮರ್ಥನೆ ನಮಗೆಲ್ಲ ತಿಳಿದದ್ದೇ: "ನಾನು ಸುಳ್ಳು ಹೇಳಲಿಲ್ಲ, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ." ದೋಷವು ಸತ್ಯವ್ರತಕ್ಕೆ ಸಂಬಂಧಿಸಿದ್ದಾಗಿದ್ದರೆ ಈ ಮಾತು ಅಷ್ಟಿಷ್ಟು ನಿಲ್ಲುತ್ತಿತ್ತೇನೋ. ಕಳವಿನ ಕೆಳಗೆ ಇಟ್ಟಕೂಡಲೇ ಪ್ರಶ್ನೆ ಬದಲಾಗುತ್ತದೆ. ನೀನು ಏನು ನುಡಿದೆ ಎಂದು ಯಾರೂ ಕೇಳುತ್ತಿಲ್ಲ. ಅವನ ಗಂಟಿನಿಂದ ನಿನ್ನ ಗಂಟಿಗೆ ಬಂದ ಹಣವನ್ನು ಅವನು ತಿಳಿದು ಕೊಟ್ಟನೇ ಎಂಬುದಷ್ಟೇ ಪ್ರಶ್ನೆ. ಉಕ್ಕಿನ ತೊಲೆಗೆಂದು ಎಣಿಸಿಕೊಟ್ಟ ಹಣವನ್ನು ಪುಟ್ಟಿಗೆ ಪಡೆದರೆ, ಆ ಎರಡರ ನಡುವಿನ ಮೊತ್ತವು ಅದತ್ತಾದಾನವೇ, ಎಂದರೆ ಕೊಡದೆ ತೆಗೆದುಕೊಂಡದ್ದೇ.

ಬಿ.ಕಾಂ. ತರಗತಿಯಲ್ಲಿ ಓದಿದ ವಾಣಿಜ್ಯ ಕಾನೂನು ಈ ವಿಷಯದಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುವುದೂ ಉಚಿತ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಪ್ರಕರಣದಲ್ಲಿ ವಂಚನೆಯ ಅರ್ಥವನ್ನು ಹೇಳಿ, ಕೆಳಗೆ ಒಂದು ಕುದುರೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಗೆ ರೋಗವಿದೆಯೆಂದು ಬಲ್ಲನು. ಹರಾಜಿನಲ್ಲಿ ಅದನ್ನು ಮಾರುವಾಗ ಏನನ್ನೂ ಹೇಳುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ಕೊಳ್ಳುವವಳು ಆಗತಾನೆ ವಯಸ್ಕಳಾದ ಸ್ವಂತ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯವಾಗುತ್ತದೆ. ಕೊಳ್ಳುವವನು "ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎಂದಾಗ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮಾನ. ವಿದ್ಯಾರ್ಥಿಯಾಗಿದ್ದಾಗ ನಾವು ಇದನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದೆವು. ಮಗಳಿಗೆ ಹೇಳಬೇಕು, ಪರರಿಗೆ ಹೇಳಬೇಕಾಗಿಲ್ಲ ಎಂಬಲ್ಲಿ ಕಾನೂನು ನಿಂತುಬಿಡುತ್ತದೆ. ಶ್ರಾವಕನ ವ್ರತವು ಅಲ್ಲಿಂದ ಮುಂದಕ್ಕೆ ಹೊರಡುತ್ತದೆ ಎಂಬುದು ನನ್ನ ತಿಳಿವಳಿಕೆ.

ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಕುದುರೆಯ ದೃಷ್ಟಾಂತವು ರಕ್ಷಣೆ ಕೊಡುವುದೇ ಇಲ್ಲ. ಅದೇ ಪ್ರಕರಣವು, ತಿಳಿದ ಸಂಗತಿಯನ್ನು ಸಕ್ರಿಯವಾಗಿ ಮರೆಮಾಚುವುದನ್ನು ವಂಚನೆಗಳ ಸಾಲಿನಲ್ಲಿಯೇ ಎಣಿಸಿದೆ. ರೋಗದ ಕುದುರೆಯನ್ನು ಸುಮ್ಮನೆ ನಿಲ್ಲಿಸುವುದು ಬೇರೆ, ಅದರ ಹುಣ್ಣಿಗೆ ಚರ್ಮದ ಬಣ್ಣ ಬಳಿದು ನಿಲ್ಲಿಸುವುದು ಬೇರೆ. ಬಣ್ಣ ಬಳಿದ ಪುಟ್ಟಿಯು ಮೌನವಾಗಿರುವುದಿಲ್ಲ. "ಇಲ್ಲಿ ತಗಡು ಇದೆ" ಎಂದು ಅದು ಗ್ರಾಹಕನಿಗೆ ಹೇಳುತ್ತಲೇ ಇರುತ್ತದೆ. ತಾತ್ಕಾಲಿಕ ತೇಪೆ ಹಾಕಿ ರೆಡ್ ಆಕ್ಸೈಡಿನಲ್ಲೇ ಬಿಟ್ಟ ಗಾಡಿ ಕುರೂಪವಾಗಿರಬಹುದು, ಆದರೆ ಅದು ಯಾರಿಗೂ ಸುಳ್ಳು ಹೇಳುವುದಿಲ್ಲ.

ಈ ಜಿಜ್ಞಾಸೆ ಪುಸ್ತಕದಲ್ಲಿ ಉಳಿಯದೆ ನಮ್ಮ ಎದುರಿಗೇ ಬಂದ ಒಂದು ಸಂದರ್ಭವನ್ನು, ಟ್ರಸ್ಟುಗಳ ಪದಾಧಿಕಾರಿಗಳಿಗೆ ಉಪಯುಕ್ತವಾದೀತೆಂದು ನಿವೇದಿಸುತ್ತೇನೆ. ಬೆಂಗಳೂರು ದಕ್ಷಿಣದ ಒಂದು ಬಸದಿಯ ಟ್ರಸ್ಟು 2016ರಲ್ಲಿ ಒಂದು ಹಳೆಯ ಓಮ್ನಿ ವ್ಯಾನನ್ನು ಕೊಂಡಿತ್ತು. ಭಾನುವಾರದ ಪಾಠಶಾಲೆಗೆ ಮಕ್ಕಳನ್ನು ಕರೆತರುವುದು, ಪರ್ವದ ದಿನಗಳಲ್ಲಿ ವೃದ್ಧರನ್ನು ಮನೆಗೆ ಮುಟ್ಟಿಸುವುದು ಅದರ ಕೆಲಸ. 2009ರ ಮಾದರಿಯದು, 2024ಕ್ಕೆ ನೋಂದಣಿಯ 15 ವರ್ಷ ಮುಗಿಯುತ್ತಿದ್ದುದರಿಂದ ಅದಕ್ಕೆ ಒಂದು ವರ್ಷ ಮುಂಚಿತವಾಗಿ ಮಾರಿಬಿಡಲು ಸಮಿತಿಯವರು ನಿಶ್ಚಯಿಸಿದರು. ನಾನು ಆ ಸಮಿತಿಯ ಸದಸ್ಯನಲ್ಲ. ಬಾಗಿಲಿನ ಕೆಳಗೆ ಗುಳ್ಳೆ ಎದ್ದಿದೆ, ಯಾವ ಪುಟ್ಟಿ ಹಾಕಿಸಬಹುದು ನೋಡಿ ಹೇಳಿ ಎಂದು ನನ್ನನ್ನು ಕರೆದರು. ಜೊತೆಗೆ ಟಿಂಕರನನ್ನೂ ಕರೆದೊಯ್ದೆ. ಅವನು ಸ್ಕ್ರೂಡ್ರೈವರಿನ ತುದಿಯಿಂದ ಗುಳ್ಳೆಯನ್ನು ಚುಚ್ಚಿದಾಗ ಹಿಡಿಯವರೆಗೂ ಒಳಗೆ ಹೋಯಿತು. ಒಳಗಿನಿಂದ ಒದ್ದೆಯಾದ ತೆಂಗಿನ ನಾರು, ಸ್ವಲ್ಪ ಸಿಮೆಂಟು, ಮಡಿಸಿ ತುರುಕಿದ್ದ ಕನ್ನಡ ದಿನಪತ್ರಿಕೆಯ ಹಾಳೆಗಳು ಹೊರಬಂದವು. ಒಂದು ಹಾಳೆಯ ತಲೆಯ ಮೇಲೆ ದಿನಾಂಕ ಉಳಿದಿತ್ತು. ಟ್ರಸ್ಟು ವ್ಯಾನನ್ನು ಕೊಂಡ ದಿನಕ್ಕೆ ಎರಡು ತಿಂಗಳು ಹಿಂದಿನದು. ಮಾರಿದವನು ಮಾರುವ ಸಲುವಾಗಿಯೇ ಮಾಡಿಸಿದ ಕೆಲಸ. ನಾರೂ ಕಾಗದವೂ ಏಳು ವರ್ಷ ನೀರನ್ನು ಹಿಡಿದಿಟ್ಟು ಉಳಿದಿದ್ದ ತೊಲೆಯನ್ನೂ ತಿಂದುಹಾಕಿದ್ದವು. ಅದರ ಮೇಲೆ ಅಷ್ಟು ವರ್ಷ ಮಕ್ಕಳು ಕುಳಿತು ಬಂದಿದ್ದರು.

ಆ ಸಂಜೆ ಸಮಿತಿಯಲ್ಲಿ ನಡೆದ ಚರ್ಚೆಗೆ ನನ್ನನ್ನೂ ಕೂರಿಸಿಕೊಂಡರು. ಮತ್ತೊಮ್ಮೆ ಪುಟ್ಟಿ ತುಂಬಿ, ಬಣ್ಣ ಹೊಡೆಸಿ ಮಾರಿಬಿಡೋಣ, ನಮಗೆ ಬಂದುದನ್ನೇ ನಾವು ದಾಟಿಸುತ್ತೇವೆ ಎಂದು ಒಬ್ಬ ಹಿರಿಯ ಟ್ರಸ್ಟಿಗಳು ಹೇಳಿದರು. ಅವರು ಲೋಭಿಗಳಲ್ಲ, ತಮ್ಮ ಸ್ವಂತ ಗಾಡಿಯಾಗಿದ್ದರೆ ನಷ್ಟ ಉಂಡು ಸುಮ್ಮನಾಗುತ್ತಿದ್ದರು. "ಇದು ದೇವದ್ರವ್ಯ. ನನ್ನ ಉದಾರತೆಗೆ ದೇವರ ಹಣ ಖರ್ಚು ಮಾಡೋ ಅಧಿಕಾರ ನನಗೆ ಯಾರು ಕೊಟ್ಟರು? ನೀವೇ ಹೇಳಿ ಸಾರ್" ಎಂದು ನನ್ನನ್ನೇ ಕೇಳಿದರು. ಟ್ರಸ್ಟುಗಳಲ್ಲಿ ಕೆಲಸ ಮಾಡಿದವರಿಗೆ ಈ ವಾದದ ತೂಕ ಗೊತ್ತು. ಸಜ್ಜನರೇ ಟ್ರಸ್ಟಿನ ಹೆಸರಿನಲ್ಲಿ, ತಮ್ಮ ಅಂಗಡಿಯಲ್ಲಿ ಎಂದೂ ಮಾಡದ ಬಿಗಿತನವನ್ನು ಮಾಡುವುದು ಹೀಗೆಯೇ.

ನಾನು ಹೇಳಿದ್ದು ಇಷ್ಟು. ವ್ಯಾನಿನ ನಿಜವಾದ ಬೆಲೆ ಈಗ ಕಡಿಮೆಯಾಗಿದೆ; ಆ ನಷ್ಟ ಆದದ್ದು 2016ರಲ್ಲಿ, ಗೊತ್ತಾದದ್ದು ಇಂದು. ಲೆಕ್ಕಶಾಸ್ತ್ರದಂತೆ ಗೊತ್ತಾದ ದಿನ ಅದನ್ನು ಪುಸ್ತಕದಲ್ಲಿ ಬರೆಯಬೇಕು. ಮರೆಮಾಚಿ ಮಾರಿದರೆ ಬರುವ ಹೆಚ್ಚಿನ ಮೊತ್ತವು ಕೊಳ್ಳುವವನದು. ಅದು ದೇವದ್ರವ್ಯವಾಗುವುದು ಯಾವಾಗ? ಹುಂಡಿಗೆ ಬಿದ್ದ ಮೇಲೋ? ಹಾಗಾದರೆ ಕದ್ದ ಹಣವೂ ಹುಂಡಿಗೆ ಬಿದ್ದರೆ ಶುದ್ಧವಾಗುತ್ತದೆ ಎಂದಾಯಿತು. ಹಿರಿಯರು ಒಪ್ಪಲಿಲ್ಲ. ಒಪ್ಪದೆ ಇದ್ದರೂ ಮತಕ್ಕೆ ಹಾಕಲು ಅಡ್ಡಿಪಡಿಸಲಿಲ್ಲ. ಬಹುಮತದಿಂದ, ತೊಲೆಯನ್ನು ತೆರೆದಿಟ್ಟ ಸ್ಥಿತಿಯಲ್ಲೇ ವ್ಯಾನನ್ನು ಮಾರುವುದೆಂದು ಆಯಿತು.

ಮೊದಲು ಬಂದವನು ಬನಶಂಕರಿಯ ಕಡೆಯ ಚಾಲಕ, ಶಾಲೆಯ ಮಕ್ಕಳನ್ನು ಸಾಗಿಸಬೇಕೆಂದಿದ್ದನು. ತೊಲೆ ನೋಡಿ, ಬೆಸುಗೆಗೆ ಎಷ್ಟಾಗುತ್ತದೆಂದು ಟಿಂಕರನನ್ನು ಕೇಳಿ, ಲೆಕ್ಕ ಹಾಕಿ ಹೊರಟುಹೋದನು. ಎರಡನೆಯವನು ಒಂದು ವಾರ ಓಡಾಡಿಸಿ ಬಿಟ್ಟನು. ಕಡೆಗೆ ಗುಜರಿಯವನು ಕೊಂಡನು. ಎಂಜಿನ್, ಗೇರ್ ಪೆಟ್ಟಿಗೆ, ಸೀಟುಗಳಿಗೆ ಮಾತ್ರ ಬೆಲೆ ಕಟ್ಟಿದನು. ಬಣ್ಣ ಹೊಡೆಸಿದ್ದರೆ ಬರುತ್ತಿದ್ದುದರ ಅರ್ಧವೂ ಬರಲಿಲ್ಲ. ಹಿರಿಯ ಟ್ರಸ್ಟಿಗಳ ಭಿನ್ನಾಭಿಪ್ರಾಯವು ಅವರ ಇಚ್ಛೆಯಂತೆ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಇಂದಿಗೂ ಎದುರಾದಾಗ ಅವರು ಆ ಮೊತ್ತವನ್ನು ನನಗೆ ನೆನಪಿಸುತ್ತಾರೆ.

ಹಳೆಯ ವಾಹನಗಳನ್ನು ಇಟ್ಟುಕೊಂಡಿರುವ ಟ್ರಸ್ಟುಗಳಿಗೂ ಗೃಹಸ್ಥರಿಗೂ ಕೆಲವು ವ್ಯಾವಹಾರಿಕ ಮಾತುಗಳು. ತಾತ್ಕಾಲಿಕ ತೇಪೆ ಹಾಕಿಸಿದರೆ ಯಾವ ದಿನ, ಎಲ್ಲಿ, ಏನನ್ನು ಹಾಕಿಸಿದ್ದು ಎಂದು ವಾಹನದ ಕಡತದಲ್ಲಿ ಒಂದು ಸಾಲು ಬರೆದಿಡಿ. ಮಾರುವಾಗ ಅದೇ ಸಾಲನ್ನು ಮಾರಾಟದ ಪತ್ರದಲ್ಲಿ ಸೇರಿಸಿ ಕೊಳ್ಳುವವನ ರುಜು ಪಡೆಯಿರಿ. ಕೊಳ್ಳುವಾಗ ಒಂದು ಸಣ್ಣ ಅಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚಕ್ರದ ಗೂಡಿನ ಅಂಚು, ಬಾಗಿಲಿನ ತಳ, ತೊಲೆಗಳ ಮೇಲೆ ಎಳೆದು ನೋಡಿ. ಪುಟ್ಟಿ ದಪ್ಪವಾಗಿರುವ ಕಡೆ ಅದು ಕಚ್ಚಿಕೊಳ್ಳುವುದಿಲ್ಲ. ಬೆರಳಗಂಟಿನಿಂದ ತಟ್ಟಿದರೂ ತಗಡಿನ ದನಿಗೂ ಪುಟ್ಟಿಯ ದನಿಗೂ ವ್ಯತ್ಯಾಸ ಕೇಳುತ್ತದೆ. ಕಾಲ ಕೆಳಗಿನ ಚಾಪೆಯನ್ನು ಎತ್ತಿ ನೋಡಲು ಸಂಕೋಚಪಡಬೇಡಿ. ತೊಲೆಯೊಳಗೆ ನಾರು, ಕಾಗದ, ಸ್ಪಂಜು ತುರುಕುವ ಟಿಂಕರನನ್ನು ಅಲ್ಲಿಯೇ ತಡೆಯಿರಿ. ಮತ್ತು ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಪ್ರತಿಯೊಂದು ಬಾಗಿಲಿನ ತಳದ ಕಿಂಡಿಗಳಿಗೆ ಒಂದು ತೆಳುವಾದ ಪೊರಕೆಕಡ್ಡಿಯನ್ನು ತೂರಿಸಿ ಕಸ ತೆಗೆಯಿರಿ. ನಾಲ್ಕು ಬಾಗಿಲಿಗೂ ಸೇರಿ ಹತ್ತು ನಿಮಿಷದ ಕೆಲಸ.